ಕೂಡಿ ಆಳುವುದರ ಕಷ್ಟಸುಖ



ಶಾಲೆಯ ನೂರು ವರ್ಷದ ಹಬ್ಬದಲ್ಲಿ ರಾಜಕೀಯದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾವು ಯಾವ ಪಕ್ಷದ ಪರವಾಗಿಯೂ ಇಲ್ಲಿ ನಿಂತಿಲ್ಲ. ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಎದುರಿಸಿದ ಪಕ್ಷಗಳು ಆಮೇಲೆ ಕೂಡಿ ದೇಶವನ್ನು ಆಳಲು ಹೊರಟರೆ ಆ ಕೂಟ ಯಾವುದರ ಬಲದಿಂದ ನಿಲ್ಲುತ್ತದೆ, ಯಾವ ದೋಷದಿಂದ ಬೀಳುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇವೆ. ಎರಡು ರಾಜ್ಯಗಳ ಅಂಚಿನಲ್ಲಿ, ಎರಡು ಭಾಷೆಗಳ ನಡುವೆ ಬಾಳುವ ಜೀರಹಳ್ಳಿಯವರಿಗೆ ಇದು ದೂರದ ಸಂಗತಿಯಲ್ಲ.

ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲವೇ ಒಂದು ಬಗೆಯ ಕೂಟವಾಗಿತ್ತು. ಕಾಂಗ್ರೆಸ್ಸಿಗೆ ಬಹುಮತವಿದ್ದರೂ, ಆ ಪಕ್ಷವನ್ನು ಕಟುವಾಗಿ ಟೀಕಿಸುತ್ತ ಬಂದಿದ್ದ ಅಂಬೇಡ್ಕರರು ನೆಹರೂ ಅವರ ಸಂಪುಟದಲ್ಲಿ ಕಾನೂನು ಮಂತ್ರಿಗಳಾದರು. ಹಿಂದೂ ಮಹಾಸಭೆಯ ಶ್ಯಾಮಪ್ರಸಾದ ಮುಖರ್ಜಿಯವರು ಕೈಗಾರಿಕಾ ಖಾತೆಯನ್ನು ವಹಿಸಿಕೊಂಡರು. ಜಸ್ಟಿಸ್ ಪಕ್ಷದಲ್ಲಿ ಬೆಳೆದ ಆರ್.ಕೆ. ಷಣ್ಮುಖಂ ಚೆಟ್ಟಿಯವರು ಹಣಕಾಸು ಮಂತ್ರಿಯಾಗಿ 1947ರ ನವೆಂಬರ್ 26ರಂದು ಸ್ವತಂತ್ರ ದೇಶದ ಮೊದಲ ಬಜೆಟ್ ಮಂಡಿಸಿದರು. ಚೆಟ್ಟಿಯವರು ಕೊಯಮತ್ತೂರಿನವರು, ಆಗ ನಮ್ಮ ತಾಳವಾಡಿ ಸೀಮೆಯೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಈ ಕೂಟ ಬಹುಕಾಲ ಉಳಿಯಲಿಲ್ಲ. ಮುಖರ್ಜಿಯವರು 1950ರಲ್ಲಿ, ಅಂಬೇಡ್ಕರರು 1951ರಲ್ಲಿ, ಭಿನ್ನಾಭಿಪ್ರಾಯದ ಕಾರಣವನ್ನು ಬಹಿರಂಗವಾಗಿ ಹೇಳಿ ಹೊರನಡೆದರು. ಆದರೆ ಅಷ್ಟರಲ್ಲಿ ಸಂವಿಧಾನ ಜಾರಿಗೆ ಬಂದಿತ್ತು. ಎದುರಾಳಿಗಳು ಕೂಡಿದ್ದರ ಫಲ ಅವರು ಅಗಲಿದ ಮೇಲೂ ಉಳಿಯಿತು.

ಕನ್ನಡಿಗರು ಮರೆಯಲಾಗದ ಕೂಟ 1996ರದು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಭಾರತೀಯ ಜನತಾ ಪಕ್ಷಕ್ಕೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46 ಸ್ಥಾನಗಳು ದೊರೆತವು. ವಾಜಪೇಯಿಯವರ ಸರ್ಕಾರ ಹದಿಮೂರು ದಿನಗಳಲ್ಲಿ ರಾಜೀನಾಮೆ ಕೊಟ್ಟಿತು. ಬಳಿಕ ಹಲವು ಪಕ್ಷಗಳು ಸಂಯುಕ್ತ ರಂಗವಾಗಿ ಕೂಡಿ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರನ್ನು ಪ್ರಧಾನಿ ಸ್ಥಾನಕ್ಕೆ ಆರಿಸಿದವು. ಅವರು ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದರು. ಆ ಸಂಪುಟದಲ್ಲಿ ತಮಿಳು ಮಾನಿಲ ಕಾಂಗ್ರೆಸ್ಸಿನ ಪಿ. ಚಿದಂಬರಂ ಹಣಕಾಸು ಮಂತ್ರಿ, ದ್ರಾವಿಡ ಮುನ್ನೇತ್ರ ಕಳಗದ ಮುರಸೊಲಿ ಮಾರನ್ ಕೈಗಾರಿಕಾ ಮಂತ್ರಿ, ಕಮ್ಯುನಿಸ್ಟ್ ಪಕ್ಷದ ಇಂದ್ರಜಿತ್ ಗುಪ್ತ ಗೃಹಮಂತ್ರಿ. ಕಾವೇರಿಯ ಮೇಲಣ ದಂಡೆಯವರೂ ಕೆಳಗಣ ದಂಡೆಯವರೂ ಒಂದೇ ಮೇಜಿನ ಸುತ್ತ ಕುಳಿತ ಕಾಲ ಅದು. ಎಲ್ಲ ಪಕ್ಷಗಳಿಗೂ ಒಪ್ಪಿಗೆಯಾದ ಕನಿಷ್ಠ ಸಮಾನ ಕಾರ್ಯಕ್ರಮವೊಂದನ್ನು ಬರೆದು ಜನರ ಮುಂದಿಟ್ಟದ್ದು ಆ ರಂಗದ ಹೆಚ್ಚುಗಾರಿಕೆ. ಅದೇ ಡಿಸೆಂಬರಿನಲ್ಲಿ ಗಂಗಾಜಲದ ಹಂಚಿಕೆಯ ಬಗೆಗೆ ಬಾಂಗ್ಲಾದೇಶದೊಡನೆ ಮೂವತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು.

ಗಂಗೆಯ ಪಾಲು ಬರೆದ ಆ ಸರ್ಕಾರಕ್ಕೆ ಕಾವೇರಿಯ ಪಾಲು ಇತ್ಯರ್ಥ ಮಾಡಲಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ನ್ಯಾಯಮಂಡಳಿಯ ಅಂತಿಮ ತೀರ್ಪು 2007ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು 2018ರಲ್ಲಿ ಬಂತು. ನೀರಿನ ವ್ಯಾಜ್ಯ ಉಲ್ಬಣಿಸಿದಾಗ ಗಡಿಯಲ್ಲಿ ಬಸ್ಸುಗಳು ನಿಲ್ಲುವುದರ ಕಷ್ಟ ನಮಗೆ ಗೊತ್ತಿದೆ. ಒಂದೇ ಮೇಜಿಗೆ ಬರುವುದು ಮೊದಲ ಹೆಜ್ಜೆ ಮಾತ್ರ.

ಸಂಯುಕ್ತ ರಂಗ ಬಿದ್ದದ್ದೇಕೆ? ಮನೆಯ ಜಂತಿಯನ್ನು ಹೊರಗೆ ನಿಂತವರು ಹಿಡಿದಿದ್ದರು. ಕಾಂಗ್ರೆಸ್ ಮಂತ್ರಿಮಂಡಲವನ್ನು ಸೇರದೆ ಹೊರಗಿನಿಂದ ಬೆಂಬಲ ಕೊಟ್ಟಿತ್ತು. ಅದು ಕೈ ತೆಗೆದೊಡನೆ 1997ರ ಏಪ್ರಿಲ್ 11ರಂದು ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಮುಂದೆ ಗುಜ್ರಾಲರ ಸರ್ಕಾರಕ್ಕೂ ಅದೇ ಗತಿಯಾಯಿತು. ಅಧಿಕಾರದ ಕೀರ್ತಿಯನ್ನಷ್ಟೇ ಅಲ್ಲದೆ ಅಪಕೀರ್ತಿಯನ್ನೂ ಹಂಚಿಕೊಳ್ಳಲು ಒಪ್ಪದವರ ಬೆಂಬಲ ಬಾಡಿಗೆಯ ಬೆಂಬಲ.

ಇನ್ನೊಂದು ಬಗೆಯ ಬೀಳುವಿಕೆಯನ್ನು ಕರ್ನಾಟಕವೇ ಕಂಡಿತು. 2006ರ ಫೆಬ್ರವರಿಯಲ್ಲಿ ಜಾತ್ಯತೀತ ಜನತಾದಳವೂ ಭಾರತೀಯ ಜನತಾ ಪಕ್ಷವೂ ಇಪ್ಪತ್ತು ತಿಂಗಳು ಒಬ್ಬರು, ಇಪ್ಪತ್ತು ತಿಂಗಳು ಮತ್ತೊಬ್ಬರು ಎಂಬ ಮಾತಿನ ಮೇಲೆ ಕೂಡಿದವು. ಸರದಿ ಬಂದಾಗ ಮಾತು ಕೆಟ್ಟಿತು. 2007ರ ನವೆಂಬರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು ಏಳು ದಿನಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಕುರ್ಚಿಯ ಲೆಕ್ಕದ ಮೇಲೆ ಕಟ್ಟಿದ ಮನೆ ಕುರ್ಚಿಯ ಜಗಳದಲ್ಲೇ ಕುಸಿಯಿತು.

ಕಾನೂನು ಇಂಥ ಕೇಡನ್ನು ಕೆಲಮಟ್ಟಿಗೆ ತಡೆಯಬಲ್ಲದು. ಬಹುಮತವನ್ನು ರಾಜಭವನದಲ್ಲಿ ಎಣಿಸದೆ ಸದನದಲ್ಲೇ ಪರೀಕ್ಷಿಸಬೇಕೆಂಬ 1994ರ ತೀರ್ಪು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಬಂತು. ಮಂತ್ರಿಗಳ ಸಂಖ್ಯೆ ಸದನದ ಶೇಕಡಾ 15ನ್ನು ಮೀರಬಾರದೆಂದು 2003ರ ತಿದ್ದುಪಡಿ ಕಟ್ಟುಹಾಕಿತು. ಆದರೆ ವಿಶ್ವಾಸವನ್ನು ಯಾವ ಕಾನೂನೂ ಹುಟ್ಟಿಸಲಾರದು.

ಅದು ಎಲ್ಲಿ ಹುಟ್ಟುತ್ತದೆಂಬುದನ್ನು ನಮ್ಮ ಹೊಲಗಳೇ ಹೇಳುತ್ತವೆ. ಬದುವಿನ ವ್ಯಾಜ್ಯವಿರುವ ಇಬ್ಬರು ರೈತರು ರಾಗಿ ಕೊಯ್ಲಿಗೆ ಮುಯ್ಯಾಳಾಗಿ ಒಬ್ಬರ ಹೊಲಕ್ಕೊಬ್ಬರು ಹೋಗುತ್ತಾರೆ. ವ್ಯಾಜ್ಯ ಬಿಟ್ಟಿರುವುದಿಲ್ಲ, ಕೆಲಸ ಮಾತ್ರ ನಿಲ್ಲುವುದಿಲ್ಲ. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂಬ ಲೆಕ್ಕ ಊರಿಗೆಲ್ಲ ತಿಳಿದಿರುವುದರಿಂದ ತಪ್ಪಿದವನು ತಲೆ ಎತ್ತಿ ನಡೆಯಲಾರ. ಕೂಡಿ ಆಳುವ ಪಕ್ಷಗಳಿಗೂ ಬೇಕಾದದ್ದು ಇಷ್ಟೇ: ಎಲ್ಲರೆದುರು ಆಡಿದ ಮಾತು, ತಪ್ಪಿದರೆ ಎಲ್ಲರೆದುರು ಉತ್ತರ.

ಈ ಮಾತು ನಮಗೆ ಏಕೆ ಮುಖ್ಯ? 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬ 350-ಎ ವಿಧಿ ಅದೇ ವರ್ಷ ಸಂವಿಧಾನದಲ್ಲಿ ಸೇರಿತು. ಮದರಾಸು ತಮಿಳುನಾಡಾಯಿತು, 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ನಾವು ಇಂದಿನ ಈರೋಡು ಜಿಲ್ಲೆಯವರಾದೆವು. ಈ ಬೆಟ್ಟದ ಕನ್ನಡಿಗರು ಯಾವ ಸರ್ಕಾರವನ್ನೂ ಎತ್ತುವಷ್ಟು, ಬೀಳಿಸುವಷ್ಟು ಮತದಾರರಲ್ಲ. ಸಂಖ್ಯೆ ಕಡಿಮೆಯಿರುವವರಿಗೆ ಬಲವೆಂದರೆ ದೊಡ್ಡವರು ಬರೆದುಕೊಟ್ಟ ಮಾತು ಮತ್ತು ಅದನ್ನು ನಡೆಸಿಕೊಡುವ ಅವರ ಅಭ್ಯಾಸ. ಕೂಟದ ಸಣ್ಣ ಪಕ್ಷಕ್ಕೆ ಕೊಟ್ಟ ಮಾತನ್ನು ಹಗುರವಾಗಿ ಮುರಿಯುವ ರಾಜಕಾರಣ ನಾಳೆ ಸಣ್ಣ ಭಾಷೆಯ ಶಾಲೆಗೆ ಕೊಟ್ಟ ಮಾತನ್ನೂ ಮುರಿಯಬಲ್ಲದು.

ಆದಕಾರಣ ಅಧ್ಯಾಪಕ ಮಿತ್ರರಲ್ಲಿ, ಪೋಷಕರಲ್ಲಿ ನಮ್ಮ ಬಿನ್ನಹವಿದು. ಎದುರು ಪಕ್ಷದವನು ಶತ್ರುವಲ್ಲ, ನಾಳೆ ಜೊತೆಗೆ ದುಡಿಯಬೇಕಾದವನು ಎಂಬುದನ್ನು ಮಕ್ಕಳಿಗೆ ಕಲಿಸೋಣ. ಈ ಸಭೆಯಲ್ಲೇ ಬೇರೆಬೇರೆ ಪಕ್ಷಗಳಿಗೆ ಮತ ಹಾಕುವವರು ಕುಳಿತಿದ್ದೀರಿ. ಶಾಲೆಯ ವಿಷಯ ಬಂದಾಗ ಒಂದಾಗಿದ್ದೀರಿ. ಎರಡನೆಯ ಶತಮಾನಕ್ಕೂ ಆ ಒಪ್ಪಂದ ಮುಂದುವರಿಯಲೆಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.