ಗೀಗೀ ಮೇಳಕ್ಕೊಂದು ಹೊಸ ಸವಾಲು



ಧಾರವಾಡದ ಹೆಸರು ಪೇಢೆಗೂ ಸಂಗೀತಕ್ಕೂ ಅಂಟಿಕೊಂಡಿರುವುದು ಎಲ್ಲರಿಗೂ ಗೊತ್ತು. ಅದು ಕಲ್ಲಿಗೂ ಅಂಟಿಕೊಂಡಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಪುರಾತನ ಶಿಲಾಸ್ತರಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಅವುಗಳ ವಯಸ್ಸು ಸುಮಾರು 250ರಿಂದ 300 ಕೋಟಿ ವರ್ಷ. ಇದೇ ವರ್ಗದ ಕಲ್ಲಿನಲ್ಲಿ, ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತುಗಳು ಸಿಕ್ಕಿವೆ. ಜೀವವಿಕಾಸದ ಕಥೆಯನ್ನು ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಹೇಳಲು ಗಲಾಪಗೋಸ್ ದ್ವೀಪಗಳಿಗೇ ಹೋಗಬೇಕೆಂದಿಲ್ಲ.

ವಿಜ್ಞಾನವನ್ನು ಹಾಡಿ ಹೇಳುವುದು ಹೊಸತೂ ಅಲ್ಲ. ಕೇರಳದ ಶಾಸ್ತ್ರಸಾಹಿತ್ಯ ಪರಿಷತ್ತು 1980ರಲ್ಲಿ ಕಲಾಜಾಥಾ ಹೊರಡಿಸಿತು. ದೇಶದ ಐದು ಕಡೆಗಳಿಂದ ಹೊರಟ ಭಾರತ ಜನವಿಜ್ಞಾನ ಜಾಥಾ 1987ರ ನವೆಂಬರ್ 7ರಂದು, ಸಿ.ವಿ. ರಾಮನ್ ಜನ್ಮದಿನದಂದು, ಭೋಪಾಲದಲ್ಲಿ ಕೂಡಿತು. ಪರದೆ ಇಲ್ಲ, ದೀಪದ ಹಂಗಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಹಾಡು, ಬೀದಿ ನಾಟಕ.

ಉತ್ತರ ಕರ್ನಾಟಕಕ್ಕೆ ಇದಕ್ಕಿಂತ ಒಗ್ಗುವ ಪ್ರಕಾರ ಮನೆಯಲ್ಲೇ ಇದೆ. ಗೀಗೀ ಪದ. ದಪ್ಪು, ತುಂತುಣಿ, ತಾಳ ಇದ್ದರೆ ಮೇಳ ಸಿದ್ಧ. ಸ್ವಾತಂತ್ರ್ಯ ಚಳವಳಿಯ ಸುದ್ದಿಯನ್ನು ಹಳ್ಳಿಗಳಿಗೆ ಮುಟ್ಟಿಸಿದ್ದೂ ಇದೇ ಹಾಡು. ಹರದೇಶಿ-ನಾಗೇಶಿ ಮೇಳಗಳಲ್ಲಿ ಒಂದು ಪಕ್ಷ ಸವಾಲು ಎಸೆದರೆ ಇನ್ನೊಂದು ಜವಾಬು ಕೊಡಲೇಬೇಕು. ಮಂಗನೇ ಮನುಷ್ಯನಾದನೆಂದರೆ ಇಂದಿಗೂ ಮಂಗ ಏಕಿದೆ? ಇದು ಸವಾಲು. ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಇಬ್ಬರ ಮೂಲಪುರುಷ ಒಬ್ಬನೇ. ಇದು ಜವಾಬು. ಶಾಲೆಯ ಗೋಡೆಗಳ ಮೇಲೆ ಕಾಣುವ, ಮಂಗದಿಂದ ಮನುಷ್ಯನವರೆಗಿನ ಸಾಲು ಚಿತ್ರ ಮಾಡಿದ ಹಾನಿ ಅಷ್ಟಿಷ್ಟಲ್ಲ. ರಂಗದ ಮೇಲೆ ಮಕ್ಕಳನ್ನು ಸಾಲಾಗಿ ನಡೆಸಿದರೆ ಅದೇ ತಪ್ಪು ಮರುಕಳಿಸುತ್ತದೆ. ಒಂದೇ ಜಾಗದಿಂದ ಹೊರಟು ಟೊಂಗೆಗಳಂತೆ ಕವಲೊಡೆಯಬೇಕು.

ವೇಷದಲ್ಲೂ ಎಚ್ಚರ ಬೇಕು. ತೇಜಸ್ವಿಯವರ 'ಕರ್ವಾಲೊ' (1980) ಮನೆಮಾತಾಗಿಸಿದ ಹಾರುವ ಓತಿ ಪಶ್ಚಿಮ ಘಟ್ಟದ ನಿವಾಸಿ. ಅದರ ರೆಕ್ಕೆ ಕೈಯಲ್ಲ. ಉದ್ದವಾಗಿ ಚಾಚಿದ ಪಕ್ಕೆಲುಬುಗಳ ಮೇಲಿನ ಚರ್ಮ. ಬಾವಲಿಯದು ಬೆರಳುಗಳ ನಡುವಿನ ತೊಗಲು, ಹಕ್ಕಿಯದು ಗರಿ ಮೂಡಿದ ತೋಳು. ಮೂರಕ್ಕೂ ಒಂದೇ ಬಣ್ಣದ ಕಾಗದ ಅಂಟಿಸಿದರೆ ಕಥೆಯೇ ಕೆಟ್ಟಿತು.

ಇಷ್ಟೆಲ್ಲ ಏಕೆಂದರೆ, ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಹತ್ತನೆಯ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದದ್ದು 2023ರಲ್ಲಿ ದೊಡ್ಡ ವಿವಾದವಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಸಹಿ ಹಾಕಿದರು. ಆಗ ವಿಷಯ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಉಳಿಯಿತು. ಆದರೆ ಹತ್ತಕ್ಕೇ ಓದು ಬಿಟ್ಟು ಗ್ಯಾರೇಜು ಸೇರುವ ಹುಡುಗನಿಗೆ, ವಾಣಿಜ್ಯ ಆಯ್ದ ಹುಡುಗಿಗೆ ಅದು ಸಿಗುವುದೆಲ್ಲಿ?

ಮೇಳಕ್ಕೆ ಒಂದು ತಾಸು ಸಾಕು. ಭೂಮಿಯ 454 ಕೋಟಿ ವರ್ಷಗಳನ್ನು ಆ ತಾಸಿಗೆ ಇಳಿಸಿದರೆ, ಜೀವದ ಸುಳಿವು ಕಾಣುವುದು 14ನೆಯ ನಿಮಿಷದ ಹೊತ್ತಿಗೆ. ಧಾರವಾಡದ ಕಲ್ಲು 20ರಿಂದ 27ರ ನಡುವೆ. ಮೀನು 53 ದಾಟಿದ ಮೇಲೆ. ಡೈನೋಸಾರ್ ಅಳಿಯುವುದು ಮುಗಿಯಲು 52 ಸೆಕೆಂಡು ಇರುವಾಗ. ಮನುಷ್ಯನ ಪಾಲಿಗೆ ಕಾಲು ಸೆಕೆಂಡು, ದಪ್ಪಿನ ಒಂದೇ ಪೆಟ್ಟು. ಅದನ್ನು ಯಾರು ಹೊಡೆಯಬೇಕೆಂದು ಮಕ್ಕಳಲ್ಲಿ ಜಗಳ ಹತ್ತುವುದಂತೂ ಖಂಡಿತ.