ಮೇಷ್ಟರಿಗೆ ತಡವಾಗಿ ಒಪ್ಪಿಸುತ್ತಿರುವ ಉತ್ತರ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಆಡಿದ ಮಾತು)



2004ರ ಜೂನ್ 8. ನಾನಾಗ ಒಂಬತ್ತನೇ ತರಗತಿ. ಅಂದು ಶುಕ್ರ ಸಂಕ್ರಮಣ. ನಮ್ಮ ವಿಜ್ಞಾನ ಮೇಷ್ಟರು ಎಲ್ಲಿಂದಲೋ ಒಂದು ಬೈನಾಕ್ಯುಲರ್ ತಂದು, ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದರು. ಅದರೊಳಗೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಅದೇ ಶುಕ್ರಗ್ರಹ.

"ಸಾರ್, ಬೇರೆ ನಕ್ಷತ್ರಗಳ ಮುಂದೆಯೂ ಹೀಗೇ ಗ್ರಹ ಹಾದುಹೋಗುತ್ತಾ? ಅದನ್ನ ಅಳೆಯೋದು ಹೇಗೆ?" ಎಂದು ಕೇಳಿದೆ.

"ಹೋಗಬೇಕು ಕಣಪ್ಪಾ. ಅಳೆಯೋದು ನನಗೆ ಗೊತ್ತಿಲ್ಲ. ನೀನೇ ತಿಳಕೊಂಡು ಬಂದು ನನಗೂ ಹೇಳು" ಎಂದರು.

ಮೇಷ್ಟರು ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ತಡವಾಯಿತು, ಕ್ಷಮಿಸಿ. ಉತ್ತರ ತಂದಿದ್ದೇನೆ.

ದೂರದ ನಕ್ಷತ್ರದ ಮುಂದೆ ಗ್ರಹ ಬಂದರೆ ಚುಕ್ಕೆ ಕಾಣುವುದಿಲ್ಲ. ನಕ್ಷತ್ರದ ಬೆಳಕು ಒಂದಿಷ್ಟು ಇಳಿಯುತ್ತದೆ, ಅಷ್ಟೆ. ವಾಸ್ಪ್-12ಬಿ ಎಂಬ ಗ್ರಹ ಅಡ್ಡ ಬಂದಾಗ ಇಳಿಯುವುದು ನೂರಕ್ಕೆ ಸುಮಾರು 1.4 ಪಾಲು. ಮರೆಯಾದದ್ದು ವಿಸ್ತೀರ್ಣವಾದ್ದರಿಂದ, ಆ ಪಾಲಿನ ವರ್ಗಮೂಲ ತೆಗೆದರೆ ಅಗಲ ಸಿಗುತ್ತದೆ: ನಕ್ಷತ್ರದ ಅಡ್ಡಳತೆ 100 ಆದರೆ ಗ್ರಹದ್ದು ಸುಮಾರು 12. ಮತ್ತೆ ಯಾವಾಗ ಇಳಿಯುತ್ತದೆಂದು ಕಾದರೆ ಅದರ ವರ್ಷ ತಿಳಿಯುತ್ತದೆ. ಆ ಗ್ರಹದ ಒಂದು ವರ್ಷ ಎಂದರೆ ನಮ್ಮ 26 ಗಂಟೆ!

ಮಂಜು, ಗಾಳಿಯಿಂದ ಮಂಕಾದದ್ದಲ್ಲ ಎಂದು ನಂಬುವುದು ಹೇಗೆ? ನಮ್ಮೂರಿನಲ್ಲಿ ವೋಲ್ಟೇಜ್ ಇಳಿದರೆ ಬೀದಿಯ ಬಲ್ಬುಗಳೆಲ್ಲ ಮಂಕಾಗುತ್ತವೆ. ಒಂದೇ ಬಲ್ಬು ಮಂಕಾದರೆ ಅದಕ್ಕೇನೋ ಅಡ್ಡ ಬಂದಿದೆ ಎಂದರ್ಥ. ಹಾಗೆಯೇ ಪಕ್ಕದ ನಕ್ಷತ್ರಗಳನ್ನೂ ಜೊತೆಗೇ ಅಳೆದು ಹೋಲಿಸುತ್ತಾರೆ. ಉಳಿದ ಏರಿಳಿತವನ್ನು ಗಣಿತದಿಂದ ಸೋಸುತ್ತಾರೆ. ಸಾಫ್ಟ್‌ವೇರ್‌ನವನಾದ ನನಗೆ ಹೆಚ್ಚು ಹಿಡಿಸಿದ್ದು ಈ ಸೋಸುವ ಕೆಲಸವೇ.

ಇದೆಲ್ಲ ಅಮೆರಿಕದ ಮಾತಲ್ಲ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಅರಿತ್ರ ಚಕ್ರವರ್ತಿ ಮತ್ತು ಸುಜನ್ ಸೇನ್‌ಗುಪ್ತ ಅವರು ವಾಸ್ಪ್-12ಬಿ ಸೇರಿ ಐದು ಗ್ರಹಗಳನ್ನು ಹೀಗೆ ಅಳೆದು 2019ರಲ್ಲಿ ಪ್ರಕಟಿಸಿದರು. ಬಳಸಿದ್ದು ಕಾವಲೂರಿನ 1.3 ಮೀಟರ್ ಮತ್ತು ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕಗಳನ್ನು. ಹಾನ್ಲೆಯ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ಎಲ್ಲಿಂದ ಗೊತ್ತೇ? ನಮ್ಮ ಹೊಸಕೋಟೆಯಿಂದ! ಕೋಲಾರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನೂರಾರು ಸಲ ಆ ಊರು ದಾಟಿದ್ದೇನೆ. ಒಮ್ಮೆಯೂ ತಿಳಿದಿರಲಿಲ್ಲ.

ಇನ್ನೊಂದು ಮಾತು. ಇಂಥ ಸಂಕ್ರಮಣವನ್ನು ಮೊದಲು ಕಂಡದ್ದು 1999ರಲ್ಲಿ. ಅಂದರೆ ನಾನು ಕೇಳುವ ಹೊತ್ತಿಗೆ ಉತ್ತರ ಸಿಕ್ಕಿ ಐದು ವರ್ಷವಾಗಿತ್ತು. ನಮ್ಮ ಶಾಲೆಗೆ ತಲುಪಿರಲಿಲ್ಲ. ಭೌತಶಾಸ್ತ್ರ ಓದಿ ಇದೇ ಕೆಲಸ ಮಾಡಬಹುದೆಂದೂ ನನಗೆ ಗೊತ್ತಿರಲಿಲ್ಲ. ಬಿ.ಇ. ಮಾಡಿದೆ, ಅನ್ನ ಸಿಕ್ಕಿತು, ದೂರಿಲ್ಲ. ಆದರೆ ಈಗ ಇಲ್ಲಿ ಕೂತಿರುವ ಮಕ್ಕಳಿಗೆ ಉತ್ತರ ಅಷ್ಟು ತಡವಾಗಬಾರದು.

1999ರಲ್ಲಿ ಅದನ್ನು ಕಂಡ ಒಂದು ತಂಡದ ದೂರದರ್ಶಕದ ಅಗಲ ಕೇವಲ 10 ಸೆಂಟಿಮೀಟರ್. ಅಷ್ಟೇ ಅಗಲದ ಒಂದನ್ನು ನಮ್ಮ ಬ್ಯಾಚಿನವರು ಸೇರಿ ಇಂದು ಶಾಲೆಗೆ ಕೊಡುತ್ತಿದ್ದೇವೆ. ದಯವಿಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳ ಕೈಗೆ ಕೊಡಿ. ಅವರು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ನಮ್ಮ ಮೇಷ್ಟರಂತೆ "ಗೊತ್ತಿಲ್ಲ, ತಿಳಕೊಂಡು ಬಾ" ಎನ್ನಿ. ಆ ಮಾತೇ ನನ್ನನ್ನು ಇಲ್ಲಿಯವರೆಗೆ ಕರೆತಂದದ್ದು.