ಕಾಣದ ಭೂತದ ಎರಡು ನಿಮಿಷ



‘ಟ್ರೇಲರ್’ ಎಂಬ ಇಂಗ್ಲಿಷ್ ಪದಕ್ಕೆ ಬೆನ್ನ ಹಿಂದೆ ಬರುವಂಥದ್ದು ಎಂದು ಅರ್ಥ. 1910ರ ದಶಕದಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಮುಂದೆ ಬರಲಿರುವ ಚಿತ್ರದ ತುಣುಕನ್ನು ಆ ದಿನದ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದರು. ಚಿತ್ರ ಮುಗಿದೊಡನೆ ಜನ ಎದ್ದು ಹೊರಡುತ್ತಾರೆ ಎಂಬುದು ಗಮನಕ್ಕೆ ಬಂದು, ಬಾಲದಲ್ಲಿದ್ದುದು ತಲೆಗೆ ಬಂತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಎರಡು, ಎರಡೂವರೆ ನಿಮಿಷದ ಈ ತುಣುಕು ಇಂದು ಒಂದು ಪ್ರತ್ಯೇಕ ಕಲೆಯಾಗಿ, ಪ್ರತ್ಯೇಕ ವ್ಯಾಪಾರವಾಗಿ ಬೆಳೆದಿದೆ. ಆ ವ್ಯಾಪಾರದ ಪಳಗಿದ ಕೈ ಕಾಣುವುದು ಭಯಾನಕ ಚಿತ್ರಗಳ ಟ್ರೇಲರಿನಲ್ಲಿ. ಅದರ ಮುಖ್ಯ ಗಿರಾಕಿಗಳು ಹದಿಹರೆಯದವರು.

ಭಯಾನಕ ಚಿತ್ರವನ್ನು ಮಾರುವವನಿಗೆ ಒಂದು ವಿಶೇಷ ತೊಡಕಿದೆ. ಸಂಗೀತಪ್ರಧಾನ ಚಿತ್ರವಾದರೆ ಒಂದು ಹಾಡನ್ನು ಮೊದಲೇ ಕೇಳಿಸಬಹುದು. ಕೇಳಿದವರು ಮತ್ತೆ ಕೇಳಲು ಬರುತ್ತಾರೆ. ಭಯ ಹಾಗಲ್ಲ. ಒಮ್ಮೆ ಕಂಡ ಭೂತ ಎರಡನೆಯ ಸಲ ಅಷ್ಟು ಹೆದರಿಸುವುದಿಲ್ಲ. ಆದ್ದರಿಂದ ಇಲ್ಲಿ ಸರಕನ್ನು ಮುಚ್ಚಿಟ್ಟುಕೊಂಡೇ ಮಾರಬೇಕು. ಹಿಂದೆ ಕನ್ನಡ ಸಿನಿಮಾದ ಪದ್ಯಾವಳಿಗಳಲ್ಲಿ ಕಥಾಸಾರವನ್ನು ಅರ್ಧ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಲು ಹೇಳುತ್ತಿದ್ದ ಜಾಣತನವೂ ಇದೇ ಜಾತಿಯದು.

ಇದು ಹೇಗೆ ಸಾಧ್ಯವಾಗುತ್ತದೆ? ಭರತನ ನಾಟ್ಯಶಾಸ್ತ್ರದ ಎರಡು ಪದಗಳು ಇಲ್ಲಿ ನೆರವಿಗೆ ಬರುತ್ತವೆ. ರಸಕ್ಕೆ ಕಾರಣವಾಗುವುದು ವಿಭಾವ. ಅದರಿಂದ ಪಾತ್ರದ ಮೈಮೇಲೆ ತೋರುವುದು ಅನುಭಾವ. ಭಯಾನಕ ರಸಕ್ಕೆ ವಿಕಾರವಾದ ಶಬ್ದ, ಪಿಶಾಚಿಗಳ ದರ್ಶನ, ನರಿ-ಗೂಬೆಗಳ ಹೆದರಿಕೆ, ಪಾಳುಮನೆ ಮತ್ತು ಕಾಡಿನ ಪ್ರವೇಶ ಮುಂತಾದವು ವಿಭಾವಗಳು. ಕೈಕಾಲು ನಡುಗುವುದು, ಕಣ್ಣು ಚಂಚಲವಾಗುವುದು, ರೋಮಾಂಚ, ದನಿ ಒಡೆಯುವುದು ಅನುಭಾವಗಳು. ಟ್ರೇಲರ್ ಮಾಡುವವನು ಈ ಜೋಡಿಯನ್ನು ಮುರಿಯುತ್ತಾನೆ. ಹೆದರಿದ ಮುಖ ತೋರಿಸುತ್ತಾನೆ, ಹೆದರಿಸಿದ್ದನ್ನು ತೋರಿಸುವುದಿಲ್ಲ. ಹುಡುಗಿಯ ಕಣ್ಣು ಅರಳುತ್ತದೆ, ಅವಳು ಏನನ್ನೋ ನೋಡುತ್ತಿದ್ದಾಳೆ. ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಉಳಿದ ಅರ್ಧವನ್ನು ನೋಡುವವನ ಮನಸ್ಸೇ ತುಂಬಿಕೊಳ್ಳಬೇಕು. ಅದು ತೃಪ್ತಿಯಾಗದಿದ್ದರೆ ಟಿಕೆಟ್ ಕೊಳ್ಳಬೇಕು.

ಆಲ್‌ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಚಿತ್ರಕ್ಕೆ ಮಾಡಿದ ಟ್ರೇಲರ್ ಇದಕ್ಕೆ ಹಳೆಯ ಪಾಠ. ಆರು ನಿಮಿಷಕ್ಕೂ ಮೀರಿದ ಆ ತುಣುಕಿನಲ್ಲಿ ಚಿತ್ರದ ದೃಶ್ಯಗಳೇ ಇಲ್ಲವೆನ್ನಬಹುದು. ಸ್ವತಃ ನಿರ್ದೇಶಕನೇ ಮೋಟೆಲನ್ನೂ ಅದರ ಹಿಂದಿನ ಮನೆಯನ್ನೂ ಪ್ರವಾಸಿ ಮಾರ್ಗದರ್ಶಿಯ ಹಾಗೆ ತೋರಿಸುತ್ತಾ ಹೋಗುತ್ತಾನೆ. ಮಾತು ಶುರುಮಾಡುತ್ತಾನೆ, ಅರ್ಧಕ್ಕೆ ನಿಲ್ಲಿಸುತ್ತಾನೆ. ಕೊನೆಗೆ ಸ್ನಾನದ ಕೋಣೆಯ ಪರದೆಯನ್ನು ಸರಕ್ಕನೆ ಸರಿಸಿದಾಗ ಒಂದು ಹೆಣ್ಣು ಚೀರುತ್ತದೆ. ಚಿತ್ರದಲ್ಲಿ ಆ ಕೋಣೆಯಲ್ಲಿ ಸಾಯುವ ಪಾತ್ರ ಜಾನೆಟ್ ಲೀ ಅವರದು. ಟ್ರೇಲರಿನಲ್ಲಿ ಚೀರಿದವರು ಅದೇ ಚಿತ್ರದ ಇನ್ನೊಬ್ಬ ನಟಿ, ವೆರಾ ಮೈಲ್ಸ್. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಗಿರಾಕಿಗಳು ಹದಿಹರೆಯದವರೇ ಆದದ್ದೇಕೆ? ಕಾರಣ ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿದೆ. ಮನೆಮನೆಗೆ ಟೆಲಿವಿಷನ್ ಬಂದಾಗ ದೊಡ್ಡವರು ಮನೆಯಲ್ಲೇ ಕುಳಿತರು. ಮನೆಯಿಂದ ಹೊರಗೆ ಹೋಗಲು ನೆಪ ಹುಡುಕುತ್ತಿದ್ದವರು ಹದಿಹರೆಯದವರು. ಅವರ ಕೈಯಲ್ಲಿ ಕೈಖರ್ಚಿನ ಹಣವಿತ್ತು. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರಗಳಿದ್ದವು. ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1950ರ ದಶಕದಲ್ಲಿ ಕಟ್ಟಿದ ‘ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್’ ಈ ಮಾರುಕಟ್ಟೆಯನ್ನು ಮೊದಲೇ ಗುರುತಿಸಿತು. ಅಲ್ಲಿ ಎಷ್ಟೋ ಸಲ ಮೊದಲು ಹೆಸರು, ಅನಂತರ ಪೋಸ್ಟರ್, ಕೊನೆಗೆ ಕಥೆ ಹುಟ್ಟುತ್ತಿತ್ತು. 1957ರಲ್ಲಿ ಬಂದ ‘ಐ ವಾಸ್ ಎ ಟೀನೇಜ್ ವೇರ್‌ವುಲ್ಫ್’ ಚಿತ್ರದ ಹೆಸರಿನಲ್ಲೇ ಗಿರಾಕಿಯ ವಯಸ್ಸು ಇದೆ. ಅವರ ಲೆಕ್ಕಾಚಾರ ಸರಳ: ದೊಡ್ಡ ಹುಡುಗರು ನೋಡುವುದನ್ನು ಚಿಕ್ಕವರು ನೋಡುತ್ತಾರೆ, ಚಿಕ್ಕವರು ನೋಡುವುದನ್ನು ದೊಡ್ಡವರು ನೋಡುವುದಿಲ್ಲ, ಆದ್ದರಿಂದ ಗುರಿ 19ರ ಹುಡುಗನ ಮೇಲಿರಲಿ. ಈ ಲೆಕ್ಕದಲ್ಲಿ ಚಿಕ್ಕವರೂ ತಾವಾಗಿ ಹಿಂದೆ ಬರುತ್ತಾರೆ ಎಂಬುದನ್ನು ನೆನಪಿಡಬೇಕು.

ಇನ್ನು ಕಸುಬಿನ ವಿಷಯ. ಮೊದಲನೆಯದು ಶಬ್ದ. ತಗ್ಗಿದ ದನಿಯ ಒಂದೇ ಗುಂಯ್‌ಗುಡಿಕೆ, ಅನಂತರ ಪೂರ್ಣ ಮೌನ, ಆಮೇಲೆ ಥಟ್ಟನೆ ದೊಡ್ಡ ಸದ್ದು. ಅನಿರೀಕ್ಷಿತ ಸದ್ದಿಗೆ ರೆಪ್ಪೆ ಮುಚ್ಚುವುದು, ಹೆಗಲು ಮೇಲೇಳುವುದು ದೇಹದ ಹುಟ್ಟುಗುಣ. ಬುದ್ಧಿ ವಿಚಾರ ಮಾಡುವ ಮೊದಲೇ ಮೈ ಬೆಚ್ಚಿರುತ್ತದೆ. ಮೌನವೇ ಇಲ್ಲಿ ಬಂಡವಾಳ. ಅದು ದೀರ್ಘವಾದಷ್ಟೂ ಸದ್ದಿನ ಬೆಲೆ ಏರುತ್ತದೆ.

ಎರಡನೆಯದು ಸಂಕಲನದ ಲಯ. ಆರಂಭದ ದೃಶ್ಯಗಳು ನಿಧಾನ: ಹೊಸ ಮನೆ, ನಗುವ ಗೆಳೆಯರು, ಬಿಸಿಲು. ಅನಂತರ ಒಂದೊಂದು ದೃಶ್ಯದ ಆಯುಸ್ಸು ಕಡಿಮೆಯಾಗುತ್ತಾ, ಕೊನೆಗೆ ಏನು ಕಂಡಿತೆಂದು ಹೇಳಲಾಗದಷ್ಟು ವೇಗ ಬರುತ್ತದೆ. ಚೆಂಡೆಯ ಪೆಟ್ಟು ಮುಕ್ತಾಯದ ಕಡೆಗೆ ಬಿರುಸಾಗುವ ಹಾಗೆ. ಚಿತ್ರದ ಹೆಸರು ತೆರೆಯ ಮೇಲೆ ಬಂದಾಗ ಮುಗಿಯಿತೆಂದು ಉಸಿರು ಬಿಟ್ಟವರಿಗೆ, ಅದಾದ ಮೇಲೆ ಕೊನೆಯ ಒಂದು ಬೆಚ್ಚುವಿಕೆ ಕಾದಿರುತ್ತದೆ.

ಮೂರನೆಯದು ಸ್ಥಳ. ಹಳೆಯ ಕಾಲದ ಕೋಟೆ-ಸ್ಮಶಾನಗಳ ಬದಲು ಹಾಸಿಗೆ ಕೋಣೆ, ಶಾಲೆಯ ಓಣಿ, ಟೆಲಿಫೋನ್. ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೊವೀನ್’ ಚಿತ್ರದಲ್ಲಿ (1978) ಕೊಲೆಗಾರ ಬರುವುದು ಸಾಧಾರಣ ಬಡಾವಣೆಗೆ, ನೆರೆಮನೆಯ ಮಗುವನ್ನು ನೋಡಿಕೊಳ್ಳುತ್ತಿರುವ ಶಾಲಾ ಹುಡುಗಿಯರ ಬಳಿಗೆ. ಕಾರ್ಪೆಂಟರ್ ಅವರೇ ಮಾಡಿದ ಅದರ ಸಂಗೀತ ಐದರ ಎಣಿಕೆಯಲ್ಲಿದೆ. ಖಂಡಛಾಪು ಬಲ್ಲ ಕಿವಿಗೆ ಐದು ಹೊಸದಲ್ಲ. ನಾಲ್ಕರ ಎಣಿಕೆಗೆ ಒಗ್ಗಿದ ಪಾಶ್ಚಾತ್ಯ ಕಿವಿಗೆ ಮಾತ್ರ ಎಲ್ಲೋ ಹೆಜ್ಜೆ ತಪ್ಪಿದ ಅನುಭವ.

ಮರುವರ್ಷದ ‘ಏಲಿಯನ್’ ಟ್ರೇಲರಿನಲ್ಲಿ ಒಂದು ಸಂಭಾಷಣೆಯೂ ಇಲ್ಲ. ಒಂದು ಮೊಟ್ಟೆ ಬಿರಿಯುತ್ತದೆ, ಬೆಳಕು ಹೊರಡುತ್ತದೆ, ಜನ ಓಡುತ್ತಾರೆ, ಗೋಳಿಡುವಂಥ ಒಂದು ಸದ್ದು. ಪ್ರಾಣಿ ಹೇಗಿದೆ ಎಂಬುದು ಗೊತ್ತೇ ಆಗುವುದಿಲ್ಲ.

ಆದರೆ ಹದಿಹರೆಯದವರು ಇದಕ್ಕೆ ಸೋಲುವುದು ಕೇವಲ ಬೆಚ್ಚುವುದಕ್ಕಲ್ಲ. 1986ರಲ್ಲಿ ಅಮೆರಿಕದ ಸಂಶೋಧಕ ಡಾಲ್ಫ್ ಜಿಲ್‌ಮನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು ಜೋಡಿಯಾಗಿ ಕೂರಿಸಿ ಭಯಾನಕ ಚಿತ್ರ ತೋರಿಸಿದರು. ಪಕ್ಕದ ಹುಡುಗಿ ಹೆದರಿದಾಗ ಹುಡುಗರಿಗೆ ಚಿತ್ರ ಹೆಚ್ಚು ಹಿಡಿಸಿತು. ಪಕ್ಕದ ಹುಡುಗ ಹೆದರಿದಾಗ ಹುಡುಗಿಯರಿಗೆ ಕಡಿಮೆ ಹಿಡಿಸಿತು. ಭಯಾನಕ ಚಿತ್ರ ಆ ವಯಸ್ಸಿನಲ್ಲಿ ಒಂದು ಧೈರ್ಯಪರೀಕ್ಷೆ. ಟ್ರೇಲರ್ ಆ ಪರೀಕ್ಷೆಗೆ ಕರೆಯೋಲೆ. 2009ರ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಇದನ್ನು ಬಹಿರಂಗವಾಗಿಯೇ ಬಳಸಿತು. ಸುಮಾರು 15,000 ಡಾಲರಿನಲ್ಲಿ ತಯಾರಾದ ಆ ಚಿತ್ರದ ಟ್ರೇಲರಿನಲ್ಲಿ ಕತ್ತಲೆಯ ಸಭಾಂಗಣದಲ್ಲಿ ಕುಳಿತ ಪ್ರೇಕ್ಷಕರು ಹೌಹಾರುವುದನ್ನೇ ತೋರಿಸಿದರು. ಅನುಭಾವ ಪಾತ್ರದಿಂದ ಪ್ರೇಕ್ಷಕನ ಮೈಗೆ ದಾಟಿತ್ತು. ಅಮೆರಿಕ ಒಂದರಲ್ಲೇ ಗಳಿಕೆ ಹತ್ತು ಕೋಟಿ ಡಾಲರ್ ಮೀರಿತು.

ಇಷ್ಟರವರೆಗೆ ಇದು ಕಸುಬುದಾರಿಕೆಯ ಕಥೆ. ಇನ್ನು ಮುಂದಿನದು ಹೊಣೆಗಾರಿಕೆಯ ಪ್ರಶ್ನೆ. ಅಮೆರಿಕದ ಚಿತ್ರೋದ್ಯಮ 1968ರಲ್ಲಿ ವಯಸ್ಸಿನ ಶ್ರೇಣಿಗಳನ್ನು ಜಾರಿಗೆ ತಂದಿತು. ‘ಆರ್’ ಶ್ರೇಣಿಯ ಚಿತ್ರಕ್ಕೆ 17 ವರ್ಷದೊಳಗಿನವರು ತಂದೆತಾಯಿ ಅಥವಾ ಪೋಷಕರ ಜೊತೆಯಿಲ್ಲದೆ ಹೋಗುವಂತಿಲ್ಲ ಎಂಬುದು ಈಗಿನ ನಿಯಮ. ‘ಹ್ಯಾಲೊವೀನ್’, ‘ಏಲಿಯನ್’, ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಮೂರೂ ಆ ಶ್ರೇಣಿಯವೇ. ಚಿತ್ರಮಂದಿರಕ್ಕೆ ಬಾಗಿಲಿದೆ, ಬಾಗಿಲಲ್ಲಿ ಕಾವಲಿನವನಿದ್ದಾನೆ. ಟ್ರೇಲರಿಗೆ ಬಾಗಿಲು ಎಲ್ಲಿದೆ?

1984ರ ನವೆಂಬರಿನಲ್ಲಿ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ ಚಿತ್ರದ ಟಿ.ವಿ. ಜಾಹೀರಾತಿನಲ್ಲಿ ಕ್ರಿಸ್‌ಮಸ್ ತಾತ ಕೊಡಲಿ ಹಿಡಿದು ಕಾಣಿಸಿಕೊಂಡಾಗ ಅಮೆರಿಕದ ತಂದೆತಾಯಂದಿರು ಬೀದಿಗಿಳಿದರು. ಸಿನಿಮಾಕ್ಕೆ ಹೋಗದ ಮಕ್ಕಳೂ ಮನೆಯಲ್ಲಿ ಅದನ್ನು ಕಂಡಿದ್ದರು. ಹಂಚಿಕೆದಾರರು ಜಾಹೀರಾತನ್ನು ಹಿಂತೆಗೆದುಕೊಂಡರು.

ಇನ್ನೂ ಗಂಭೀರವಾದದ್ದು 2000ದ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಹಿಂದಿನ ವರ್ಷ ಕೊಲಂಬೈನ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ಬಳಿಕ ಅಧ್ಯಕ್ಷ ಕ್ಲಿಂಟನ್ ಅವರ ಕೋರಿಕೆಯಂತೆ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ ತನಿಖೆ ನಡೆಸಿತ್ತು. ಹಿಂಸೆಯ ಕಾರಣಕ್ಕೆ ‘ಆರ್’ ಶ್ರೇಣಿ ಪಡೆದ 44 ಚಿತ್ರಗಳ ಪೈಕಿ 35ನ್ನು, ಅಂದರೆ ಶೇಕಡ 80ರಷ್ಟನ್ನು, 17ರೊಳಗಿನವರಿಗೆ ಗುರಿಯಿಟ್ಟು ಪ್ರಚಾರ ಮಾಡಲಾಗಿತ್ತು ಎಂದು ಅದರ ವರದಿ ಹೇಳಿತು. 12ರಿಂದ 18 ವಯಸ್ಸಿನ ಎಲ್ಲರಿಗೂ ಚಿತ್ರದ ಪ್ರಚಾರ ಮುಟ್ಟಬೇಕೆಂಬ ಉದ್ದೇಶ ಒಂದು ಪ್ರಚಾರ ಯೋಜನೆಯಲ್ಲಿ ಬರಹರೂಪದಲ್ಲೇ ಇತ್ತು. ಬರಬೇಡಿ ಎಂದು ಬಾಗಿಲಲ್ಲಿ ಬರೆದವರೇ ಬನ್ನಿರೆಂದು ಕೈಬೀಸುತ್ತಿದ್ದರು.

ವರದಿಯ ನಂತರ ಕೆಲವು ತಿದ್ದುಪಡಿಗಳಾದವು. ಮಕ್ಕಳ ಚಿತ್ರಗಳ ಜೊತೆಗೆ ಹಿಂಸೆಯ ಚಿತ್ರಗಳ ಟ್ರೇಲರ್ ತೋರಿಸದಂತೆ ಕೇಳಿಕೊಳ್ಳಲು ದೊಡ್ಡ ಸ್ಟುಡಿಯೋಗಳು ಒಪ್ಪಿದವು. ಟ್ರೇಲರಿಗೆ ಮುನ್ನ ಬರುವ ಹಸಿರು ಫಲಕದಲ್ಲಿ ‘ಎಲ್ಲ ಪ್ರೇಕ್ಷಕರಿಗೆ’ ಎಂಬರ್ಥದ ಮಾತು 2009ರಲ್ಲಿ ‘ಸೂಕ್ತ ಪ್ರೇಕ್ಷಕರಿಗೆ’ ಎಂದಾಯಿತು. ಅಷ್ಟರಲ್ಲಿ ಟ್ರೇಲರ್ ಚಿತ್ರಮಂದಿರದಿಂದಲೇ ಹೊರಬಿದ್ದಿತ್ತು. 2017ರಲ್ಲಿ ‘ಇಟ್’ ಚಿತ್ರದ ಮೊದಲ ಟ್ರೇಲರನ್ನು ಮೊದಲ 24 ಗಂಟೆಗಳಲ್ಲಿ 19 ಕೋಟಿ 70 ಲಕ್ಷ ಸಲ ನೋಡಲಾಯಿತೆಂದು ಅದರ ಸ್ಟುಡಿಯೋ ಹೇಳಿಕೊಂಡಿತು. ಅದೂ ‘ಆರ್’ ಶ್ರೇಣಿಯ ಚಿತ್ರವೇ. ಅಂಗೈಯಲ್ಲಿರುವ ಫೋನಿಗೆ ಕಾವಲಿನವನಿಲ್ಲ.

ಹಾಗೆಂದು ಭಯಾನಕ ರಸವನ್ನೇ ದೂಷಿಸಬೇಕಾಗಿಲ್ಲ. ಅಜ್ಜಿಕಥೆಯಲ್ಲೂ ಕೊಳ್ಳಿದೆವ್ವವಿತ್ತು. ಕಥೆ ಎಲ್ಲಿ ನಿಲ್ಲಬೇಕೆಂಬುದನ್ನು ಅಜ್ಜಿ ಎದುರಿಗಿರುವ ಮಗುವಿನ ಮುಖ ನೋಡಿ ತೀರ್ಮಾನಿಸುತ್ತಿದ್ದಳು. ಟ್ರೇಲರಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ. ಆ ಕೆಲಸ ಈಗ ಮನೆಯವರದು, ಶಿಕ್ಷಕರದು. ಅದಕ್ಕೊಂದು ಸುಲಭದ ಪ್ರಯೋಗವೂ ಇದೆ: ಮಕ್ಕಳ ಜೊತೆ ಕುಳಿತು ಒಂದು ಟ್ರೇಲರನ್ನು ಮೊದಲು ಸದ್ದಿನೊಂದಿಗೆ, ಅನಂತರ ಸದ್ದು ಪೂರ್ತಿ ಅಡಗಿಸಿ ನೋಡುವುದು. ಎರಡನೆಯ ಸಲ ಭೂತ ಎಷ್ಟು ಬಡಕಲಾಗಿ ಕಾಣುತ್ತದೆ ಎಂಬುದನ್ನು ಮಕ್ಕಳೇ ಮೊದಲು ಹೇಳುತ್ತಾರೆ.